ಗೂಡುದೀಪದ ಪಕ್ಕದಲ್ಲೊಂದು ಅರೆಬರೆ ಗೂಡು

ಕರಾವಳಿಯಲ್ಲಿ ಕೈಕೆಲಸದ ಹುಚ್ಚು ಹಿಡಿದವರು ಎಷ್ಟು ಮಂದಿ ಎಂದು ತಿಳಿಯಬೇಕಿದ್ದರೆ ದೀಪಾವಳಿ ಸಮಯದಲ್ಲಿ ಮಂಗಳೂರಿನ ಕುದ್ರೋಳಿ ಗೋಕರ್ಣನಾಥೇಶ್ವರ ದೇವಸ್ಥಾನಕ್ಕೆ ಹೋಗಬೇಕು. ‘ನಮ್ಮ ಕುಡ್ಲ’ ವಾಹಿನಿಯವರು ಅಲ್ಲಿ ನಡೆಸುವ ಗೂಡುದೀಪ ಸ್ಪರ್ಧೆಯಲ್ಲಿ ಸಾಂಪ್ರದಾಯಿಕ, ಆಧುನಿಕ, ಪ್ರತಿಕೃತಿ ಎಂಬ ವಿಭಾಗಗಳಿವೆ. ಒಂದು ಕಡೆ ಬಿದಿರು ಮತ್ತು ಬಣ್ಣದ ಕಾಗದದ ಹಳೇ ಗೂಡುಗಳು ತೂಗುತ್ತಿದ್ದರೆ, ಇನ್ನೊಂದು ಕಡೆ ಬತ್ತದ ಕಾಳು, ಬೇಳೆ, ಬೆಂಕಿಕಡ್ಡಿ, ನೂಲು, ತೆಂಗಿನ ನಾರು ಹೀಗೆ ಕೈಗೆ ಸಿಕ್ಕಿದ್ದನ್ನೆಲ್ಲ ಅಂಟಿಸಿದ ಗೂಡುಗಳು. ಅವನ್ನು ಮಾಡಿದವರಲ್ಲಿ ಹೆಚ್ಚಿನವರಿಗೆ ಹೊಟ್ಟೆಪಾಡಿಗೆ ಬೇರೆಯೇ ಕೆಲಸ ಇರುತ್ತದೆ. ರಾತ್ರಿ ಊಟವಾದ ಮೇಲೆ ಚಾವಡಿಯಲ್ಲಿ ಕೂತು ವಾರಗಟ್ಟಲೆ ಕಾಳು ಅಂಟಿಸಿದವರು ಅವರು.

ಸ್ಪರ್ಧೆಯ ಬಗ್ಗೆ ನನ್ನದೊಂದೇ ತಕರಾರು. ನೋಡಲು ಬಂದವರು ‘ಅಬ್ಬಾ’ ಎನ್ನುತ್ತಾರೆ, ಫೋನಿನಲ್ಲಿ ಚಿತ್ರ ತೆಗೆಯುತ್ತಾರೆ, ಬಹುಮಾನ ಯಾರಿಗೆ ಎಂದು ಕೇಳಿ ಮನೆಗೆ ಹೋಗುತ್ತಾರೆ. ಕಾಳು ಉದುರದಂತೆ ಅಂಟಿಸಿದ್ದು ಹೇಗೆ, ಬಿದಿರು ಎಲ್ಲಿಂದ ತಂದದ್ದು, ಮೊದಲ ಸಲ ಯಾಕೆ ಕುಸಿಯಿತು ಎಂದು ಯಾರೂ ಕೇಳುವುದಿಲ್ಲ. ಕೇಳಿದರೂ ಹೇಳಲು ಪುರುಸೊತ್ತು ಇರುವುದಿಲ್ಲ. ಹೀಗಾಗಿ ಒಬ್ಬರ ಅಟ್ಟದಲ್ಲಿ ಚಂದದ ಗೂಡು ಉಳಿಯುತ್ತದೆ, ಪಕ್ಕದ ಮನೆಯಲ್ಲಿ ಅಂಗಡಿಯಿಂದ ತಂದ ಪ್ಲಾಸ್ಟಿಕ್ ಗೂಡು ತೂಗುತ್ತದೆ.

ಕೆಮ್ಮಣ್ಣಿನಂಥ ಊರಿನಲ್ಲಿ ಇದನ್ನು ಬೇರೆ ಬಗೆಯಲ್ಲಿ ಮಾಡಬಹುದು. ಉಡುಪಿಯ ಸಂತೆಕಟ್ಟೆಯಿಂದ ಪಡುವಣಕ್ಕೆ ಹೊರಳಿದರೆ ಸಿಗುವ ಊರು ಇದು. ಸುವರ್ಣಾ ನದಿಯ ಹಿನ್ನೀರು, ಕುದ್ರುಗಳು, ತೂಗುಸೇತುವೆ, ಎತ್ತ ನೋಡಿದರೂ ತೆಂಗು. ದೀಪಾವಳಿಗೆ ಗೂಡುದೀಪ ಕಟ್ಟುವ ಮನೆಗಳೂ ಕ್ರಿಸ್ಮಸ್‌ಗೆ ನಕ್ಷತ್ರ ತೂಗಿಸಿ ಗೋದಲಿ ಕಟ್ಟುವ ಮನೆಗಳೂ ಇಲ್ಲಿ ಒಂದೇ ಬೇಲಿಯ ಆಚೀಚೆ ಇವೆ. ಎರಡಕ್ಕೂ ಬೇಕಾದದ್ದು ಅದೇ ಬಿದಿರು, ಅದೇ ಕಾಗದ, ಅದೇ ಮೈದಾ ಅಂಟು. ಸ್ಪರ್ಧೆ ಬೇಡ, ವೇದಿಕೆ ಬೇಡ, ಮಾಡುವವರ ಒಂದು ಕೂಟ ಇರಲಿ. ಒಂದು ಭಾನುವಾರ ಮಧ್ಯಾಹ್ನ ಶಾಲೆಯ ಕೊಠಡಿಯೋ ಯುವಕ ಮಂಡಲದ ಜಗಲಿಯೋ ಸಿಕ್ಕಿದರೆ ಸಾಕು. ಮಾಡಿದ್ದನ್ನು ತನ್ನಿ, ಜೊತೆಗೆ ಅದನ್ನೇ ಅರ್ಧ ಮಾಡಿಟ್ಟದ್ದನ್ನೂ ತನ್ನಿ ಎಂಬ ಒಂದೇ ನಿಯಮ ಇಡಿ. ಮುಗಿದ ಗೂಡಿಗಿಂತ ಕಾಗದ ಹಚ್ಚದ ಗೂಡಿನಿಂದ ಕಲಿಯಲು ಸಿಗುವುದು ಹೆಚ್ಚು.

ಆರು ಚೌಕದ ಗೂಡು

ಗೂಡುದೀಪದಲ್ಲಿ ನೂರು ಬಗೆ ಇದ್ದರೂ ಮೊದಲು ಕೈ ಪಳಗಿಸಬೇಕಾದದ್ದು ಆರು ಚೌಕದ ಹಳೇ ಗೂಡಿನಲ್ಲಿ. ಲೆಕ್ಕ ಸುಲಭ. ಒಂದೇ ಉದ್ದದ 24 ಕಡ್ಡಿ ಬೇಕು. ನಾಲ್ಕು ಕಡ್ಡಿಗೊಂದರಂತೆ ಆರು ಚೌಕ ಕಟ್ಟಿಕೊಳ್ಳಿ. ಒಂದು ಚೌಕವನ್ನು ನೆಲದ ಮೇಲೆ ಮಲಗಿಸಿ, ಅದರ ನಾಲ್ಕು ಮೂಲೆಗಳಿಗೆ ನಾಲ್ಕು ಚೌಕಗಳ ಒಂದೊಂದು ಮೂಲೆಯನ್ನು ಬಿಗಿಯಿರಿ. ಈ ನಾಲ್ಕು ಚೌಕಗಳೂ ಒಂದೊಂದು ಮೂಲೆಯ ಮೇಲೆ ನೆಟ್ಟಗೆ ನಿಲ್ಲಬೇಕು. ಅಕ್ಕಪಕ್ಕದ ಚೌಕಗಳ ಬದಿಯ ಮೂಲೆಗಳನ್ನು ಒಂದಕ್ಕೊಂದು ಕಟ್ಟಿ. ಮೇಲೆ ಚಾಚಿ ನಿಂತ ನಾಲ್ಕು ಮೂಲೆಗಳಿಗೆ ಆರನೇ ಚೌಕವನ್ನು ಕೂರಿಸಿ. ಚೌಕಗಳ ನಡುವಿನ ಸಂದಿನಲ್ಲಿ ಎಂಟು ತ್ರಿಕೋನಗಳು ತಾವಾಗಿಯೇ ಮೂಡಿರುತ್ತವೆ. ಚೌಕಗಳು ಕೂಡುವ ಜಾಗ ಒಟ್ಟು 12.

ಒಂದು ಅಡಿಯ ಕಡ್ಡಿ ಬಳಸಿದರೆ ಗೂಡಿನ ಎತ್ತರ ಸುಮಾರು 17 ಇಂಚು ಬರುತ್ತದೆ. ಮನೆಯ ಮುಂದೆ ತೂಗಿಸಲು ಇದು ಹದವಾದ ಅಳತೆ. ಎರಡು ಅಡಿಯ ಕಡ್ಡಿಗೆ ಹೋದರೆ ಗೂಡು ಮೂರಡಿಯ ಹತ್ತಿರ ಬಂದು, ಮನೆಯೊಳಗೆ ಕಟ್ಟಿದ್ದನ್ನು ಬಾಗಿಲಿನಿಂದ ಹೊರಗೆ ತರುವಾಗಲೇ ಫಜೀತಿ ಶುರುವಾಗುತ್ತದೆ.

ಹೊಸಬರು ಕಂಗಾಲಾಗುವುದು ಇದರ ಮುಂದಿನ ಹಂತದಲ್ಲಿ. ಅಷ್ಟು ಚೆನ್ನಾಗಿ ಕಟ್ಟಿದ ಗೂಡನ್ನು ಕೈಗೆತ್ತಿಕೊಂಡ ಕೂಡಲೇ ಅದು ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡು ಕುಗ್ಗುತ್ತದೆ. ಗಂಟು ಸಡಿಲವಾಗಿದೆ ಎಂದುಕೊಂಡು ಮತ್ತೆ ಮತ್ತೆ ಬಿಗಿಯುತ್ತಾರೆ, ಪ್ರಯೋಜನವಿಲ್ಲ. ಗಂಟಿನ ತಪ್ಪೇ ಇಲ್ಲ. ಮೂರು ಕಡ್ಡಿಯ ತ್ರಿಕೋನ ಆಕಾರ ಬಿಡುವುದಿಲ್ಲ, ನಾಲ್ಕು ಕಡ್ಡಿಯ ಚೌಕ ಮಾತ್ರ ಒತ್ತಿದ ಕಡೆಗೆ ವಾಲುತ್ತದೆ. ಆದ್ದರಿಂದ ಪ್ರತಿ ಚೌಕಕ್ಕೂ ಒಂದು ಮೂಲೆಯಿಂದ ಎದುರು ಮೂಲೆಗೆ 17 ಇಂಚಿನ ಅಡ್ಡಕಡ್ಡಿ ಕೊಡಿ. ಆರಕ್ಕೆ ಆರೂ ಬೇಕು. ಒಂದು ಬಿಟ್ಟರೂ ಅಲುಗಾಟ ಉಳಿಯುತ್ತದೆ. ಮೇಲಿನ ಅಡ್ಡಕಡ್ಡಿಯಿಂದಲೇ ಬಲ್ಬಿನ ಹೋಲ್ಡರ್ ಇಳಿಬಿಡಬಹುದು. ಕೆಳಗಿನದು ಅಡ್ಡ ಬಂದರೂ ಅದರ ಎರಡು ಪಕ್ಕದಲ್ಲಿ ಕೈ ಹೋಗುವಷ್ಟು ಜಾಗ ಇರುತ್ತದೆ. 24 ಕಡ್ಡಿ, ಆರು ಅಡ್ಡಕಡ್ಡಿ ಸೇರಿ ಸುಮಾರು 33 ಅಡಿ ಸೀಳು ಬೇಕು. ಮುರಿಯುವುದು, ಗಿಣ್ಣಿನಲ್ಲಿ ಸೀಳಿ ಹೋಗುವುದು ಇದ್ದೇ ಇರುತ್ತದೆ ಎಂದು ಹತ್ತಡಿ ಹೆಚ್ಚೇ ಇಟ್ಟುಕೊಳ್ಳಿ.

ಈ ಕಾರಣಕ್ಕೇ ಕೂಟಕ್ಕೆ ಅಡ್ಡಕಡ್ಡಿ ಇಲ್ಲದ ಒಂದು ಗೂಡು, ಇರುವ ಒಂದು ಗೂಡು ಎರಡನ್ನೂ ತನ್ನಿ ಎನ್ನುತ್ತೇನೆ. ಮಕ್ಕಳ ಕೈಗೆ ಎರಡನ್ನೂ ಕೊಟ್ಟು ತಿರುಚಿ ನೋಡಿ ಎಂದರೆ ಮತ್ತೆ ಭಾಷಣ ಬೇಡ.

ಬಿದಿರಿನ ಬಗ್ಗೆ ಎರಡು ಮಾತು. ಎಳೆ ಬಿದಿರು ಬೇಡ, ಒಣಗಿದಾಗ ಸುಕ್ಕುಗಟ್ಟುತ್ತದೆ. ಮೂರು ವರ್ಷ ದಾಟಿದ್ದು ಒಳ್ಳೆಯದು. ಬಿದಿರಿನೊಳಗಿನ ಪಿಷ್ಟಕ್ಕೆ ಕೊರೆಯುವ ಹುಳ ಬರುತ್ತದೆ. ಕೆಲವು ವಾರ ತೋಡಿನ ಹರಿವ ನೀರಿನಲ್ಲಿ ಮುಳುಗಿಸಿಟ್ಟರೆ ಪಿಷ್ಟ ಕರಗಿ ಹೋಗುತ್ತದೆ. ವರ್ಷಗಟ್ಟಲೆ ಇಡುವ ವಸ್ತು ಮಾಡುವವರು ಮೂರು ಪಾಲು ಬೊರಾಕ್ಸ್‌ಗೆ ಎರಡು ಪಾಲು ಬೋರಿಕ್ ಆ್ಯಸಿಡ್ ಸೇರಿಸಿ, ನೀರಿನಲ್ಲಿ ಕರಗಿಸಿ ಅದರಲ್ಲಿ ನೆನೆಸುತ್ತಾರೆ. ಒಂದು ಹಬ್ಬಕ್ಕೆ ತೂಗಿಸಿ ಬಿಡುವ ಗೂಡಿಗೆ ಅಷ್ಟೆಲ್ಲ ಬೇಕಾಗಿಲ್ಲ. ಇನ್ನೊಂದು ವಿಷಯ: 2017ರಲ್ಲಿ ಭಾರತೀಯ ಅರಣ್ಯ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ ಅರಣ್ಯೇತರ ಜಾಗದ ಬಿದಿರು ಕಾನೂನಿನ ಕಣ್ಣಿನಲ್ಲಿ ಮರವಲ್ಲ. ಸ್ವಂತ ಹಿತ್ತಿಲಿನ ಮೆಳೆಯಿಂದ ಕಡಿಯಲು ಹೆದರಬೇಕಾಗಿಲ್ಲ. ಕಾಡಿಗೆ ಹೋಗಿ ಬಿದಿರು, ಬೆತ್ತ, ಬಿಳಲು ಕಡಿಯುವುದು ಬೇರೆ ಮಾತು, ಅದು ಬೇಡ.

ಕಾಗದ ಹಚ್ಚುವಾಗ ನಾಲ್ಕು ಬದಿಯ ಚೌಕ, ಎಂಟು ತ್ರಿಕೋನ ಸಾಕು. ಮೇಲಿನದೂ ಕೆಳಗಿನದೂ ತೆರೆದಿರಲಿ, ಬಿಸಿ ಗಾಳಿ ಹೊರಗೆ ಹೋಗಬೇಕು. ಅಂಚು ಮಡಚಲು ಸುತ್ತಲೂ ಅರ್ಧ ಇಂಚು ಬಿಟ್ಟು ಕತ್ತರಿಸಿ. ಮೈದಾ ಅಂಟಿಗೆ ಚಿಟಿಕೆ ಮೈಲುತುತ್ತು ಹಾಕಿದರೆ ಜಿರಳೆ, ಇರುವೆ ಮುಟ್ಟುವುದಿಲ್ಲ. ಆದರೆ ಅದು ವಿಷ. ಮಕ್ಕಳು ಕೈ ಹಾಕುವ ಕೂಟದಲ್ಲಿ ಬರೀ ಮೈದಾ ಅಂಟನ್ನೇ ಇಡಿ. ಬಲ್ಬು ಐದೋ ಏಳೋ ವ್ಯಾಟಿನ ಎಲ್‌ಇಡಿ ಇರಲಿ. ಹಳೇ ತಂತಿ ಬಲ್ಬಿನ ಬಿಸಿಗೆ ಕಾಗದ ಮೊದಲು ಬಣ್ಣಗೆಡುತ್ತದೆ, ಆಮೇಲೆ ಏನು ಬೇಕಾದರೂ ಆಗಬಹುದು. ದೀಪಾವಳಿ ಸಮಯದಲ್ಲಿ ಸಂಜೆ ಗುಡುಗು ಮಳೆ ಬರುವುದು ನಮ್ಮಲ್ಲಿ ಮಾಮೂಲು. ವಯರನ್ನು ಹೋಲ್ಡರ್‌ಗಿಂತ ಸ್ವಲ್ಪ ಕೆಳಗೆ ಜೋತುಬಿಟ್ಟು ಮೇಲಕ್ಕೆ ತಿರುಗಿಸಿದರೆ ಮಳೆನೀರು ಆ ತಿರುವಿನಲ್ಲೇ ತೊಟ್ಟಿಕ್ಕುತ್ತದೆ, ಹೋಲ್ಡರ್‌ನೊಳಗೆ ಹೋಗುವುದಿಲ್ಲ.

ಉಳಿದ ಬಿದಿರಿನಲ್ಲಿ ನಕ್ಷತ್ರ

ದೀಪಾವಳಿ ಮುಗಿದ ಮೇಲೆ ಕ್ರಿಸ್ಮಸ್‌ಗೆ ಒಂದೂವರೆ-ಎರಡು ತಿಂಗಳು ಸಿಗುತ್ತದೆ. ಉಳಿದ ಸೀಳು ಒಣಗಿ ಹದವಾಗಿರುತ್ತದೆ. ಐದು ಮೂಲೆಯ ನಕ್ಷತ್ರಕ್ಕೆ ತುದಿಯಿಂದ ತುದಿಗೆ ಹೋಗುವ ಹತ್ತು ಕಡ್ಡಿ ಬೇಕು. ಐದರಲ್ಲಿ ಒಂದು ನಕ್ಷತ್ರ, ಐದರಲ್ಲಿ ಇನ್ನೊಂದು. ಎರಡನ್ನೂ ಒಂದರ ಮೇಲೊಂದು ಇಟ್ಟು ಐದು ತುದಿಗಳನ್ನು ಮಾತ್ರ ಕಟ್ಟಿ. ಆಮೇಲೆ ಒಳಗೆ ಕಡ್ಡಿ ದಾಟುವ ಐದು ಜಾಗದಲ್ಲಿ ನಾಲ್ಕೈದು ಇಂಚಿನ ಗುಜ್ಜು ತೂರಿಸಿದರೆ ನಕ್ಷತ್ರ ಹೊಟ್ಟೆ ಉಬ್ಬಿಸಿ ನಿಲ್ಲುತ್ತದೆ. ಬಲ್ಬು ಆ ಹೊಟ್ಟೆಯೊಳಗೆ. ಗೂಡುದೀಪ ಕಟ್ಟಿದವರಿಗೆ ಇದು ಎಡಗೈ ಕೆಲಸ. ಅವರನ್ನು ಕರೆದು ಒಂದು ಚಾ ಕೊಟ್ಟರೆ ನಿಮ್ಮ ನಕ್ಷತ್ರ ಒಂದು ಸಂಜೆಯಲ್ಲಿ ಮುಗಿಯುತ್ತದೆ. ಗೋದಲಿ ಕಟ್ಟುವವರು ಹಸಿರಿಗೆ ಪ್ಲಾಸ್ಟಿಕ್ ಹುಲ್ಲು ತರುವ ಬದಲು ಹಬ್ಬಕ್ಕೆ ಹತ್ತು ದಿನ ಇರುವಾಗ ಅಗಲ ತಟ್ಟೆಯಲ್ಲಿ ಒದ್ದೆ ಮಣ್ಣು ಹರಡಿ ರಾಗಿ ಇಲ್ಲವೇ ಬತ್ತ ಬಿತ್ತಿ. ಸರಿಯಾಗಿ ಇಪ್ಪತ್ತೈದಕ್ಕೆ ಗದ್ದೆಯೇ ಎದ್ದು ನಿಂತಿರುತ್ತದೆ.

ಹಿತ್ತಿಲು ಕೊಡುವ ಸಾಮಾನು

ಕೈಕೆಲಸ ಎಂದರೆ ಕ್ರಾಫ್ಟ್ ಅಂಗಡಿಗೆ ಹೋಗಿ ದುಡ್ಡು ಸುರಿಯುವುದು ಎಂಬ ಭಾವನೆ ಈಚಿನದು. ಕೆಮ್ಮಣ್ಣಿನ ಒಂದು ಹಿತ್ತಿಲಿನಲ್ಲಿ ಸಿಗುವ ವಸ್ತುಗಳಿಂದಲೇ ಒಂದು ಮೇಜು ತುಂಬಬಹುದು.

ಗೆರಟೆ ಎಲ್ಲರೂ ಮೊದಲು ಕೈ ಹಾಕುವ ವಸ್ತು, ಮೊದಲು ಕೈಬಿಡುವ ವಸ್ತುವೂ ಹೌದು, ಯಾಕೆಂದರೆ ಉಜ್ಜಿ ಉಜ್ಜಿ ಬೇಸರ ಬರುತ್ತದೆ. ಚೆನ್ನಾಗಿ ಬಲಿತ ಕಾಯಿಯ ಗೆರಟೆಯನ್ನೇ ಆರಿಸಿ. ಒಂದು ರಾತ್ರಿ ನೀರಿನಲ್ಲಿ ನೆನೆಸಿದರೆ ಹೊರಗಿನ ನಾರು ಚಾಕುವಿಗೆ ಸುಲಭವಾಗಿ ಏಳುತ್ತದೆ. ಕೊಯ್ಯಲು ಹ್ಯಾಕ್ಸಾ ಬ್ಲೇಡು ಸಾಕು. ಮರಳು ಕಾಗದವನ್ನು 80ರಿಂದ ಶುರು ಮಾಡಿ 120, 220, 400 ಎಂದು ಮೆಟ್ಟಿಲು ಹತ್ತಿದ ಹಾಗೆ ಏರಬೇಕು. ನಡುವೆ ಒಂದನ್ನು ಹಾರಿಸಿದರೆ ಹಿಂದಿನದರ ಗೀರು ಕೊನೆಯವರೆಗೂ ಉಳಿಯುತ್ತದೆ. ಕೊನೆಗೆ ಒಂದು ಹನಿ ತೆಂಗಿನೆಣ್ಣೆ ಒರೆಸಿದರೆ ಕಪ್ಪು ಹೊಳಪು ಬರುತ್ತದೆ. ಸೌಟು, ಬಟ್ಟಲು ಮಾಡುವವರು ವಾರ್ನಿಶ್ ಬಳಿಯಬೇಡಿ, ಎಣ್ಣೆಯೇ ಸಾಕು. ಉಜ್ಜುವಾಗ ಏಳುವ ದೂಳು ಬಹಳ ಸಣ್ಣದು, ಮೂಗಿಗೆ ಬಟ್ಟೆ ಕಟ್ಟಿಕೊಂಡು ಅಂಗಳದಲ್ಲಿ ಕೂತು ಉಜ್ಜಿ.

ಮಡಲು ಹೆಣೆಯುವುದು, ಗರಿಯ ಕಡ್ಡಿ ಸವರಿ ಹಿಡಿಸೂಡಿ ಕಟ್ಟುವುದು ಅಜ್ಜಿಯಂದಿರಿಗೆ ಹವ್ಯಾಸವಲ್ಲ, ಮನೆಗೆಲಸ. ಈಗ ಮೊಮ್ಮಕ್ಕಳಿಗೆ ಅದು ರಜೆಯ ಶಿಬಿರದಲ್ಲಿ ಕಲಿಯುವ ಕಲೆ. ಇರಲಿ, ಕಲಿಯಲಿ. ಎಳೆ ಗರಿಯಲ್ಲಿ ಗಿಳಿ, ಚೆಂಡು, ಹಾವು ಮಡಚುವುದು ಮಕ್ಕಳಿಗೆ ಹೇಳಿಕೊಡಲು ಎಲ್ಲಕ್ಕಿಂತ ಸುಲಭ. ಕತ್ತರಿ, ಅಂಟು ಯಾವುದೂ ಬೇಡ. ಅಡಿಕೆಯ ಹಾಳೆಯಿಂದ ಮುಟ್ಟಾಳೆ ಮಾಡುವುದು ಅಷ್ಟು ಸುಲಭವಲ್ಲ. ಹಾಳೆಯನ್ನು ನೆನೆಸಿ ಮೆತ್ತಗಾದ ಮೇಲೆಯೇ ಮಡಿಕೆ ಹಾಕಬೇಕು, ಒಣ ಹಾಳೆ ಗೆರೆಗುಂಟ ಸೀಳುತ್ತದೆ. ಮಡಿಕೆಯ ಕ್ರಮ ಬರೆದು ತಿಳಿಯುವಂಥದ್ದಲ್ಲ. ಗೊತ್ತಿರುವ ಹಿರಿಯರನ್ನು ಕೂಟಕ್ಕೆ ಕುರ್ಚಿ ಹಾಕಿ ಕರೆದು ಕೂರಿಸಿ, ಅವರು ಮಾಡುವಾಗ ಅವರ ಮುಖ ಬಿಟ್ಟು ಕೈಯನ್ನು ವಿಡಿಯೊ ಮಾಡಿ. ಹೆಗಲ ಮೇಲಿನಿಂದ, ಮಾಡುವವರ ಕಣ್ಣಿಗೆ ಕಾಣುವ ಹಾಗೆ ತೆಗೆದರೆ ನೋಡಿ ಮಾಡುವವರಿಗೆ ಎಡಬಲ ಗೊಂದಲವಾಗುವುದಿಲ್ಲ.

ಹಿನ್ನೀರಿನ ದಂಡೆಯ ಮುಂಡೇವಿನಿಂದ ಮೂಡೆ ಕಟ್ಟುವುದು ಅಡುಗೆಗೆ ಸೇರಿದ್ದೇ ಹೊರತು ಕರಕುಶಲಕ್ಕಲ್ಲ ಎಂದು ನಾವು ಬಗೆದಿದ್ದೇವೆ. ನನ್ನ ಪ್ರಕಾರ ಕೂಟದಲ್ಲಿ ಮೊದಲ ಮೇಜು ಅದಕ್ಕೇ ಸಲ್ಲಬೇಕು. ಎಲೆಯ ಎರಡು ಅಂಚಿನ ಮುಳ್ಳು, ಬೆನ್ನಿನ ಮುಳ್ಳು ಚಾಕುವಿನಿಂದ ಎತ್ತಿ ತೆಗೆದು, ಬೆಂಕಿಯ ಮೇಲೆ ಹಿಡಿದು ಬಾಡಿಸಿ, ಸುರುಳಿ ಸುತ್ತಿ, ಬೇಕಾದ ಅಗಲದ ಕೊಳವೆ ಮಾಡಿ ಮುಳ್ಳು ಚುಚ್ಚಿ ನಿಲ್ಲಿಸುವುದರಲ್ಲಿ ಎಷ್ಟು ಕೈಚಳಕ ಇದೆ ಎನ್ನುವುದು, ಹಿಟ್ಟು ಹೊಯ್ದಾಗ ಸೋರುವ ಮೂಡೆ ಕಟ್ಟಿದವರಿಗೆ ಗೊತ್ತು. ಕೃಷ್ಣಾಷ್ಟಮಿಗೆ ಮುಂಚೆ ಉಡುಪಿ ಪೇಟೆಯಲ್ಲಿ ಮೂಡೆ ಕಟ್ಟಿ ಮಾರುವವರ ಪಕ್ಕ ಐದು ನಿಮಿಷ ನಿಂತು ನೋಡಿ. ಯಾವ ತರಗತಿಯೂ ಅಷ್ಟು ಕಲಿಸುವುದಿಲ್ಲ. ನಾಲ್ಕು ಹಲಸಿನ ಎಲೆಗಳನ್ನು ಕಡ್ಡಿ ಚುಚ್ಚಿ ಮಾಡುವ ಕೊಟ್ಟೆ ಅದಕ್ಕಿಂತ ಸುಲಭ, ಹೊಸಬರು ಅಲ್ಲಿಂದ ಶುರು ಮಾಡಬಹುದು.

ಹೂ ಕಟ್ಟುವುದೂ ಹಾಗೆಯೇ. ಕಾಪು, ಶಂಕರಪುರ ಕಡೆಯ ಮಲ್ಲಿಗೆಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿದೆ. ಹೂವಿನಷ್ಟೇ ಹೆಸರು ಕಟ್ಟುವ ಕೈಗೂ ಸಲ್ಲಬೇಕು. ಒಂದು ಚೆಂಡಿಗೆ 800 ಹೂ, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಂದರೆ ಅಟ್ಟೆಗೆ 3,200 ಹೂವನ್ನು ಬಾಳೆನಾರಿನಲ್ಲಿ ಒಂದೊಂದಾಗಿ ಕಟ್ಟಬೇಕು. ಒಣಗಿದ ಬಾಳೆ ಪಟ್ಟೆಯನ್ನು ಸೀಳಿದ ನಾರು ಒದ್ದೆ ಇರುವಷ್ಟು ಹೊತ್ತು ಮಾತ್ರ ಮಾತು ಕೇಳುತ್ತದೆ. ಪಕ್ಕದಲ್ಲಿ ಒಂದು ಬೋಗುಣಿ ನೀರು ಇಟ್ಟುಕೊಳ್ಳದೆ ಕೂರಬೇಡಿ.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಬೇಕು. ಬುಟ್ಟಿ ಹೆಣೆಯುವುದು ನಮಗೆ ಹವ್ಯಾಸವಾಗಬಹುದು, ಕೊರಗ ಸಮುದಾಯದ ಕುಟುಂಬಗಳಿಗೆ ಅದು ಅನ್ನ. ಬಿಳಲು, ಬಿದಿರಿನಲ್ಲಿ ಅವರು ಹೆಣೆಯುವ ಬುಟ್ಟಿಯ ವಿನ್ಯಾಸ ಕಲಿತು ಅವರದಕ್ಕಿಂತ ಕಡಿಮೆ ಬೆಲೆಗೆ ಮಾರಾಟಕ್ಕೆ ಇಡುವುದು ಸಲ್ಲದು. ಕಲಿಯಬೇಕಿದ್ದರೆ ಅವರನ್ನೇ ಸಂಭಾವನೆ ಕೊಟ್ಟು ಕರೆಸಿ, ಅವರ ಬುಟ್ಟಿಯನ್ನು ಅವರು ಹೇಳಿದ ಬೆಲೆಗೆ ಕೊಳ್ಳಿ.

ಸೂಜಿ, ನೂಲು

ಕ್ರೋಶಾ ಹಾಕುವವರು ಈಗ ಕಲಿಯುವುದು ಹೆಚ್ಚಾಗಿ ಯೂಟ್ಯೂಬಿನಿಂದ. ಅಲ್ಲಿ ಒಂದು ಬಲೆ ಇದೆ. ಅಮೆರಿಕದವರು ‘ಸಿಂಗಲ್ ಕ್ರೋಶೆ’ ಎನ್ನುವ ಹೊಲಿಗೆಯನ್ನೇ ಬ್ರಿಟನ್ನಿನವರು ‘ಡಬಲ್ ಕ್ರೋಶೆ’ ಎನ್ನುತ್ತಾರೆ. ಒಂದರ ಸೂಚನೆಯನ್ನು ಇನ್ನೊಂದರ ಲೆಕ್ಕದಲ್ಲಿ ಹಾಕಿದರೆ ಟೊಪ್ಪಿ ಮಾಡಲು ಹೊರಟು ಚೀಲ ಆಗುತ್ತದೆ. ಮಾದರಿ ಹಂಚುವಾಗ ಯಾವ ಕ್ರಮ ಎಂದು ಮೊದಲ ಸಾಲಿನಲ್ಲೇ ಬರೆಯಿರಿ. ಕೊಕ್ಕೆಯ ಮಿಲಿಮೀಟರ್, ನೂಲಿನ ದಪ್ಪ, ನಾಲ್ಕು ಇಂಚು ಅಗಲಕ್ಕೆ ಎಷ್ಟು ಹೊಲಿಗೆ ಬಂತು ಎಂಬುದನ್ನೂ ಬರೆಯಿರಿ. ಕೊನೆಯದು ಇಲ್ಲದಿದ್ದರೆ ಉಳಿದದ್ದಕ್ಕೆ ಅರ್ಥವಿಲ್ಲ, ಒಬ್ಬರ ಕೈ ಬಿಗಿ, ಇನ್ನೊಬ್ಬರದು ಸಡಿಲ.

ನೂಲಿಗೆ ಮನೆಯಲ್ಲೇ ಬಣ್ಣ ಹಾಕುವ ಆಸೆಯಿದ್ದರೆ ಅರಿಶಿನದಿಂದ ಶುರು ಮಾಡಬೇಡಿ. ಅದು ಬಿಸಿಲಿಗೆ ನಿಲ್ಲುವುದಿಲ್ಲ. ಅಣಲೆಕಾಯಿ ಕಷಾಯದಲ್ಲಿ ನೆನೆಸಿದ ಹತ್ತಿ ನೂಲನ್ನು ತುಕ್ಕು ಹಿಡಿದ ಕಬ್ಬಿಣದ ನೀರಿಗೆ ಅದ್ದಿದರೆ ಬೂದು, ಕಪ್ಪು ಬರುತ್ತದೆ, ಒಗೆದರೂ ಹೆಚ್ಚು ಬಿಡುವುದಿಲ್ಲ. ಅಡಿಕೆ ಬೇಯಿಸಿದ ಚೊಗರು ಕಂದುಗೆಂಪು ಕೊಡುತ್ತದೆ. ಕೈಮಗ್ಗ ಹತ್ತಿರದಿಂದ ನೋಡಬೇಕೆನಿಸಿದರೆ ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದ ಕಡೆ ಹೋಗಿ. ಕ್ಷೀಣಿಸಿದ್ದ ಉಡುಪಿ ಸೀರೆಯ ನೇಯ್ಗೆಗೆ ಅಲ್ಲಿ ಮತ್ತೆ ಜೀವ ಬಂದಿದೆ, ಕಾರ್ಕಳದ ಕದಿಕೆ ಟ್ರಸ್ಟ್ ಅದಕ್ಕೆ ಬೆನ್ನು ಕೊಟ್ಟಿದೆ.

ಮಳೆಗಾಲ ಎಂಬ ಪರೀಕ್ಷಕ

ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುವ ಜಿಲ್ಲೆ ನಮ್ಮದು, ಅದರ ಮೇಲೆ ಕೆಮ್ಮಣ್ಣಿಗೆ ಉಪ್ಪುಗಾಳಿಯ ಉಡುಗೊರೆ ಬೇರೆ. ಬೆಂಗಳೂರಿನವರು ವಿಡಿಯೊದಲ್ಲಿ ಹೇಳುವ ‘ಅರ್ಧ ಗಂಟೆ ಒಣಗಲು ಬಿಡಿ’ ಎಂಬ ಮಾತು ಜುಲೈಯಲ್ಲಿ ನಮಗೆ ಅನ್ವಯಿಸುವುದಿಲ್ಲ. ಫೆವಿಕಾಲ್ ಹಚ್ಚಿದ್ದು ಗಟ್ಟಿಯಾಗಲು ಒಂದು ದಿನ ಬಿಡಿ. ಕಬ್ಬಿಣದ ಮೊಳೆ, ಪಿನ್ನು ಒಂದೇ ಮಳೆಗಾಲಕ್ಕೆ ತುಕ್ಕು ಬಿಟ್ಟು ಬಟ್ಟೆಯನ್ನೂ ಮರವನ್ನೂ ಕೆಡಿಸುತ್ತದೆ. ಹಿತ್ತಾಳೆ ಇಲ್ಲವೇ ತುಕ್ಕು ಹಿಡಿಯದ ಸ್ಟೀಲಿನದು ಬಳಸಿ. ಧಾನ್ಯ ಅಂಟಿಸಿದ ವಸ್ತುವಿಗೆ ಬೂಸ್ಟು ಹಿಡಿಯುವುದು ಖಂಡಿತ, ಅಂಟಿಸುವ ಮುನ್ನ ಕಾಳನ್ನು ಬಾಣಲೆಯಲ್ಲಿ ಬೆಚ್ಚಗೆ ಮಾಡಿ, ಅಂಟಿಸಿದ ಮೇಲೆ ತೆಳ್ಳಗೆ ವಾರ್ನಿಶ್ ಕೊಡಿ. ಮಣ್ಣಿನ ಕೆಲಸದವರಿಗೆ ಮಾತ್ರ ಮಳೆಗಾಲ ಅನುಕೂಲವೇ. ಚೌತಿಗೆ ಗಣಪತಿ ಮಾಡುವಾಗ ಬಿರುಕು ಬರುವುದು ಬೇಗ ಒಣಗಿದ್ದರಿಂದ. ಆಗಸ್ಟಿನ ತೇವದ ಗಾಳಿಯಲ್ಲಿ ನೆರಳಿನಲ್ಲಿಟ್ಟು, ತೆಳುವಾದ ಕೈಬೆರಳು, ಕಿವಿಗಳಿಗೆ ಒದ್ದೆ ಬಟ್ಟೆ ಹೊದಿಸಿದರೆ ಇಡೀ ಮೂರ್ತಿ ಒಂದೇ ವೇಗದಲ್ಲಿ ಒಣಗುತ್ತದೆ. ಜೇಡಿಗೆ ಬಿಡಿಸಿದ ಹತ್ತಿ ಸೇರಿಸಿ ನಾದಿದರೆ ಇನ್ನೂ ಗಟ್ಟಿ.

ಕೂಟ ಸೇರಿಸುವ ಬಗೆ

ಹದಿನೈದು ಮಂದಿ ಬಂದರೆ ಅದೇ ದೊಡ್ಡ ಕೂಟ. ಜಾಗಕ್ಕೆ ಊರಿನ ಪಡುತೋನ್ಸೆ ಪಂಚಾಯತಿನಲ್ಲೋ ಶಾಲೆಯಲ್ಲೋ ಚರ್ಚಿನಲ್ಲೋ ಕೇಳಿ. ಬೆಳಕು ಬರುವ ಕೋಣೆ ಮುಖ್ಯ, ಧ್ವನಿವರ್ಧಕ ಬೇಡವೇ ಬೇಡ. ಉದ್ಘಾಟನೆ, ಅತಿಥಿ, ಹೂಗುಚ್ಛ ಎಂದು ಶುರುವಾದರೆ ಒಂದು ಗಂಟೆ ಅಲ್ಲೇ ಹೋಗುತ್ತದೆ, ಮಾಡಿದವರು ಮೂಲೆಗೆ ಸರಿಯುತ್ತಾರೆ. ವಸ್ತುಗಳನ್ನು ವಯಸ್ಸಿನ ಪ್ರಕಾರವೋ ಬಹುಮಾನದ ಪ್ರಕಾರವೋ ಜೋಡಿಸದೆ ಸಾಮಗ್ರಿಯ ಪ್ರಕಾರ ಜೋಡಿಸಿ. ಬಿದಿರಿನವರೆಲ್ಲ ಒಂದು ಕಡೆ ಕೂತರೆ ಅವರೊಳಗೇ ಮಾತು ಹತ್ತಿಕೊಳ್ಳುತ್ತದೆ. ನಾಡದೋಣಿಯ ಮಾದರಿ ಮಾಡುವವರ ಪಕ್ಕ ಬೀಸುಬಲೆ ಹೆಣೆಯುವವರು ಕೂತರೆ ಮಕ್ಕಳು ಆ ಮೇಜು ಬಿಟ್ಟು ಏಳುವುದಿಲ್ಲ.

ಪ್ರತಿ ವಸ್ತುವಿನ ಮುಂದೆ ಒಂದು ಚೀಟಿ ಇರಲಿ. ಹೊಗಳಿಕೆ ಬೇಡ, ವಿವರ ಇರಲಿ. ಉದಾಹರಣೆಗೆ ಹೀಗೆ: ‘ಆರು ಚೌಕದ ಗೂಡುದೀಪ. ಒಂದು ಅಡಿಯ 24 ಕಡ್ಡಿ, 17 ಇಂಚಿನ 6 ಅಡ್ಡಕಡ್ಡಿ. ಹಿತ್ತಿಲ ಬಿದಿರು, ನೀರಿನಲ್ಲಿ ನೆನೆಸಿದ್ದು. ಕಾಗದ ಉಡುಪಿ ಪೇಟೆಯದು, ಅಂಟು ಮೈದಾ. ಕಡ್ಡಿ ಸವರಲು ಎರಡು ಸಂಜೆ, ಕಟ್ಟಲು ಒಂದು, ಕಾಗದಕ್ಕೆ ಒಂದು. ಕಲಿತದ್ದು ಸೋದರಮಾವನಿಂದ. ಅಡ್ಡಕಡ್ಡಿ ಕೊಡದ ಗೂಡು ತಿರುಚಿಕೊಳ್ಳುತ್ತದೆ, ಪಕ್ಕದಲ್ಲಿದೆ, ಎತ್ತಿ ನೋಡಿ. ಮುಟ್ಟಬಹುದು.’ ಯಾರಿಂದ ಕಲಿತದ್ದು ಎಂಬ ಸಾಲನ್ನು ಬಿಡಬೇಡಿ. ವಿಡಿಯೊ ನೋಡಿ ಮಾಡಿದ್ದಾದರೆ ಹಾಗೆಂದೇ ಬರೆಯಿರಿ, ಅದರಲ್ಲಿ ನಾಚಿಕೆ ಏನಿಲ್ಲ.

ಚಿತ್ರ ತೆಗೆಯುವವರು ಫ್ಲ್ಯಾಶ್ ಬಿಟ್ಟು ಬೆಳಗ್ಗಿನ ಬೆಳಕಿನಲ್ಲಿ ಜಗಲಿಯ ನೆರಳಿಗೆ ವಸ್ತುವನ್ನು ತಂದು ತೆಗೆಯಲಿ. ಹಿಂದೆ ಒಂದು ಬಿಳಿ ಪಂಚೆ ಸಾಕು. ಅಳತೆ ಗೊತ್ತಾಗಲು ಪಕ್ಕದಲ್ಲಿ ಒಂದು ಸ್ಕೇಲ್ ಇಡಿ. ಮುಗಿದದ್ದರ ಒಂದು ಚಿತ್ರಕ್ಕೆ, ಮಾಡುವಾಗಿನ ಮೂರು ಚಿತ್ರ ಎಂಬುದು ಒಳ್ಳೆಯ ಲೆಕ್ಕ.

ಚಾ, ಕಾಗದ, ಅಂಟಿನ ಖರ್ಚಿಗೆ ದೊಡ್ಡವರನ್ನು ಹುಡುಕಿ ಹೋಗುವ ಅಗತ್ಯವಿಲ್ಲ. 1925ರಲ್ಲಿ ಉಡುಪಿಯಲ್ಲಿ ನೇಕಾರರ ನೆರವಿಗೆಂದು ಹುಟ್ಟಿದ ಕೆನರಾ ಇಂಡಸ್ಟ್ರಿಯಲ್ ಆ್ಯಂಡ್ ಬ್ಯಾಂಕಿಂಗ್ ಸಿಂಡಿಕೇಟ್ 1928ರಲ್ಲಿ ದಿನಕ್ಕೆ ಎರಡಾಣೆಯ ಪಿಗ್ಮಿ ಠೇವಣಿ ಶುರು ಮಾಡಿ ಸಿಂಡಿಕೇಟ್ ಬ್ಯಾಂಕಾಗಿ ಬೆಳೆದ ಸೀಮೆ ಇದು. ವಾರಕ್ಕೆ ಹತ್ತು ರೂಪಾಯಿ ಡಬ್ಬಿಗೆ ಹಾಕಿದರೂ ದೀಪಾವಳಿ ಹೊತ್ತಿಗೆ ಖರ್ಚು ಕಳೆದು ಉಳಿಯುತ್ತದೆ.

ನೋಡಲು, ಕಲಿಯಲು

ಮರದ ಕೆಲಸದವರು ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮವನ್ನು ಒಮ್ಮೆ ನೋಡಲೇಬೇಕು. ಅದನ್ನು ಕಟ್ಟಿದ ವಿಜಯನಾಥ ಶೆಣೈ ಬ್ಯಾಂಕ್ ನೌಕರರಾಗಿದ್ದವರು. ಕೆಡವುವ ಹಳೇ ಮನೆಗಳ ಕಂಬ, ಬಾಗಿಲು, ತೊಲೆ ಉಳಿಸಿಕೊಂಡು ತನಗೊಂದು ಮನೆ ಕಟ್ಟಿಕೊಳ್ಳಲು ಹೊರಟ ಒಬ್ಬನ ಹವ್ಯಾಸ ಒಂದು ಊರಾಗಿಯೇ ಬೆಳೆಯಿತು. ಮೊಳೆ ಇಲ್ಲದೆ ಮರಕ್ಕೆ ಮರ ಕೂಡಿಸಿದ ಕೀಲುಗಳನ್ನು ಅಲ್ಲಿ ಕಣ್ಣಾರೆ ನೋಡಬಹುದು. ಹೋಗುವ ಮುನ್ನ ಭೇಟಿಯ ಸಮಯ ವಿಚಾರಿಸಿಕೊಳ್ಳಿ. ಹವ್ಯಾಸ ಬಿಟ್ಟು ವೃತ್ತಿಯಾಗಿಯೇ ಕಲಿಯುತ್ತೇನೆ ಎನ್ನುವ ಹುಡುಗ ಹುಡುಗಿಯರಿಗೆ ಕಾರ್ಕಳ ಮಿಯಾರಿನ ಸಿ.ಇ. ಕಾಮತ್ ಕುಶಲಕರ್ಮಿಗಳ ಸಂಸ್ಥೆಯಲ್ಲಿ ಕಲ್ಲು, ಮರ, ಲೋಹದ ಕೆತ್ತನೆ ಹೇಳಿಕೊಡುತ್ತಾರೆ. ಧರ್ಮಸ್ಥಳದ ಬಾಹುಬಲಿಯನ್ನು ಕಡೆದ ರೆಂಜಾಳ ಗೋಪಾಲ ಶೆಣೈಯವರೂ ಕಾರ್ಕಳದವರೇ. ಗೊಂಬೆ ಮಾಡುವವರು ಕುಂದಾಪುರ ದಾಟಿ ಉಪ್ಪಿನಕುದ್ರುವಿಗೆ ಹೋಗಿ ಕೊಗ್ಗ ಕಾಮತರ ಮನೆತನದ ಯಕ್ಷಗಾನ ಸೂತ್ರದ ಗೊಂಬೆಗಳನ್ನು ನೋಡಿ ಬನ್ನಿ.

ಮಾರುವುದಾದರೆ

ಹವ್ಯಾಸ ಹವ್ಯಾಸವಾಗಿಯೇ ಇರಲಿ ಎಂಬುದು ನನ್ನ ಅಭಿಪ್ರಾಯ. ಆದರೂ ಯಾರಾದರೂ ‘ನಮಗೊಂದು ಮಾಡಿಕೊಡಿ’ ಎಂದು ಕೇಳಿಯೇ ಕೇಳುತ್ತಾರೆ. ಆಗ ಸಾಮಗ್ರಿಯ ದುಡ್ಡು ಮಾತ್ರ ಹೇಳುವ ದಾಕ್ಷಿಣ್ಯ ಬೇಡ. ಸಾಮಗ್ರಿ 200 ರೂಪಾಯಿ, ಕೆಲಸ ಎಂಟು ಗಂಟೆ, ಗಂಟೆಗೆ 60 ರೂಪಾಯಿ ಎಂದಿಟ್ಟುಕೊಂಡರೂ 680 ಆಯಿತು. ಅಷ್ಟು ಕೊಡಲು ಒಪ್ಪದವರಿಗೆ ಮಾಡುವ ಬಗೆ ಹೇಳಿಕೊಡಿ, ಅವರೇ ಮಾಡಿಕೊಳ್ಳಲಿ.

ಆಟಿಕೆ ಮಾಡಿ ಮಾರುವವರು ಒಂದು ನಿಯಮ ತಿಳಿದಿರಬೇಕು. 2021ರ ಜನವರಿ 1ರಿಂದ ಮಕ್ಕಳ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ನೋಂದಾಯಿಸಿದ ಕುಶಲಕರ್ಮಿಗಳಿಗೆ ಇದರಿಂದ ವಿನಾಯಿತಿ ಇದೆ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆ ಬುಟ್ಟಿ-ಚಾಪೆ-ಹಿಡಿಸೂಡಿ ಮಾಡುವವರು, ಮೀನಿನ ಬಲೆ ಹೆಣೆಯುವವರು, ದೋಣಿ ಕಟ್ಟುವವರು, ಹೂ ಕಟ್ಟುವವರು ಸೇರಿ 18 ಕಸುಬುಗಳಿಗೆ ತರಬೇತಿ, 15,000 ರೂಪಾಯಿಯ ಸಲಕರಣೆ, ಶೇ. 5ರ ಬಡ್ಡಿಯ ಸಾಲ ಕೊಡುತ್ತದೆ. ಅದು ಕಸುಬನ್ನೇ ನಂಬಿದವರಿಗೆ ಇರುವ ಯೋಜನೆ, ಹವ್ಯಾಸಿಗಳಿಗಲ್ಲ. ನಿಮ್ಮ ಕೂಟಕ್ಕೆ ಬಂದು ಕಲಿಸಿದ ಹಿರಿಯರಲ್ಲಿ ಅರ್ಹರು ಇದ್ದರೆ ಅವರ ಅರ್ಜಿ ತುಂಬಿಸಲು ಒಂದು ಗಂಟೆ ಕೊಡಿ.

ಇನ್ನು ದಿನ ಗೊತ್ತುಮಾಡುವ ವಿಷಯ. ಚೌತಿ ಕಳೆದ ವಾರ ಬಿದಿರು ಕಡಿದು ನೀರಿಗೆ ಹಾಕಿ. ಕೂಟವನ್ನು ದೀಪಾವಳಿಗೆ ಎರಡು ವಾರ ಇರುವಾಗಿನ ಭಾನುವಾರಕ್ಕೇ ಇಟ್ಟುಕೊಳ್ಳಿ. ಅದಕ್ಕಿಂತ ತಡವಾದರೆ ನೋಡಿ ಕಲಿತು ಹೋದವರಿಗೆ ಮನೆಯಲ್ಲಿ ಕೂತು ತಮ್ಮದೊಂದು ಗೂಡು ಕಟ್ಟಲು ಸಮಯ ಸಿಗುವುದಿಲ್ಲ.